ಮಂಡಿ ನೋವಾದರೆ ಬಾಯಿ ಬಿಟ್ಟು ಹೇಳು

ತಮ್ಮಾ, ನಿನ್ನ ಮೆಸೇಜು ಓದಿದೆ. ಹಾಂಗ್‌ಕಾಂಗಿಗೆ ಹೋಗಿ ಇನ್ನೂ ಸೂಟ್‌ಕೇಸ್ ಪೂರ್ತಿ ಬಿಚ್ಚಿಲ್ಲ, ಆಗಲೇ ಆಫೀಸಿನ ಮೂವರು ಸೇರಿ ನಿನ್ನನ್ನು ಟ್ರೈಲ್‌ವಾಕರ್ ಅನ್ನೋ 100 ಕಿಲೋಮೀಟರ್ ದೇಣಿಗೆ ನಡಿಗೆಗೆ ನಾಲ್ಕನೆಯವನಾಗಿ ಕರೆದಿದ್ದಾರೆ. ನೀನು ಕೇಳಿದ್ದು ಇಷ್ಟು. ಹೂಂ ಅನ್ನಲಾ, ಬೇಡವಾ? ನಾನು ನಡೆಯೋದಕ್ಕೆ ಬೇರೆಯವರ ಹತ್ತಿರ ದುಡ್ಡು ಯಾಕೆ ಕೇಳಬೇಕು? ದಾರಿಯಲ್ಲಿ ಊಟ ತಂದುಕೊಡೋ ಸಪೋರ್ಟ್‌ಗೆ ಜನ ಬೇಕಂತೆ, ನನಗೆ ಇಲ್ಲಿ ಯಾರಿದ್ದಾರೆ? ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ನಡೆಯೋದು ಬಿಡಿ ಅಣ್ಣ, ನಾವು ಕೊಡಗಿನವರು, ನಮಗೇನು ಹೊಸತಾ?" ಆ ಸಾಲು ಇಲ್ಲದಿದ್ದರೆ ಉತ್ತರ ಚಿಕ್ಕದಾಗಿ ಮುಗಿಯುತ್ತಿತ್ತು.

ನಾನೀಗ ರಜೆಗೆ ಬಂದು ಶನಿವಾರಸಂತೆಯ ಮನೆಯಲ್ಲಿದ್ದೇನೆ. ಹೊರಗೆ ಮಳೆ. ನಿನ್ನೆ ಹೋದ ಕರೆಂಟು ಇನ್ನೂ ಬಂದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಹೇಗೆ ಅಂತ ನಿನಗೆ ಹೇಳಬೇಕಾಗಿಲ್ಲ. ಪೇಟೆ ಕಡೆ ಹೋದಾಗ ಸಿಗ್ನಲ್ ಸಿಗುತ್ತದೆ, ಅಲ್ಲಿಂದ ಇದನ್ನು ಕಳಿಸುತ್ತೇನೆ. ಬಾಡಿಗೆ, ಅಡುಗೆ ಅಂತಲೂ ಕೇಳಿದ್ದೀಯಲ್ಲ, ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಬಾಡಿಗೆ ಜಾಸ್ತಿಯೇ, ಅದಕ್ಕೆ ಮದ್ದಿಲ್ಲ. ಅಕ್ಕಿ, ಬೇಳೆ, ಮಸಾಲೆ ಎಲ್ಲ ಚಿಮ್ ಶಾ ಚೊಯ್‌ಯ ಚುಂಗ್‌ಕಿಂಗ್ ಮ್ಯಾನ್ಶನ್ಸ್ ಒಳಗಿನ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಕಪ್ಪು ಹುಳಿ, ಕಾಚಂಪುಳಿ ಮಾತ್ರ ನಾನು ಎಲ್ಲೂ ಕಂಡಿಲ್ಲ. ಮುಂದಿನ ಸಲ ಊರಿಂದ ತರುವಾಗ ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ ತಾ. ಬಟ್ಟೆ ಮೇಲೆ ಚೆಲ್ಲಿದರೆ ಕಲೆ ಹೋಗುವುದಿಲ್ಲ.

ಈಗ ನಡಿಗೆ. ಹೂಂ ಅನ್ನು. ಯೋಚನೆ ಮಾಡಬೇಡ. ಆ ಊರಿನಲ್ಲಿ ಹೊಸಬನಿಗೆ ಜನ ಸಿಗುವುದು ಕಷ್ಟ. ನಾಲ್ಕು ಜನ ತಿಂಗಳುಗಟ್ಟಲೆ ಒಟ್ಟಿಗೆ ನಡೆಯುವ ಅವಕಾಶ ತಾನಾಗಿ ಬಂದಿದೆ.

ನಾನು ಹೋದ ಹೊಸತರಲ್ಲಿ ಜೋರ್ಡನ್ ಅನ್ನುವ ಬಡಾವಣೆಯ ಹತ್ತಿರ ಒಂದು ಹಳೇ ಕಟ್ಟಡದಲ್ಲಿ ರೂಮು ಮಾಡಿದ್ದೆ. ಕಿಟಕಿ ತೆಗೆದರೆ ಎದುರು ಮನೆಯ ಎ.ಸಿ. ಡಬ್ಬ ಕಾಣುತ್ತಿತ್ತು, ಅಷ್ಟೇ. ಭಾನುವಾರ ಬಂತೆಂದರೆ ಏನು ಮಾಡುವುದು ಅಂತ ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಾದರೆ ಹೇಳದೆ ಕೇಳದೆ ಯಾರ ಮನೆಗಾದರೂ ಹೋಗಬಹುದು, ಹೋದವರಿಗೆ ಕಾಫಿ ಬರುತ್ತದೆ. ಅಲ್ಲಿ ಫೋನು ಮಾಡದೆ ಬಾಗಿಲು ತಟ್ಟಿದರೆ ಗಾಬರಿಯಾಗುತ್ತಾರೆ. ಮೇಲಿನ ಮಹಡಿಯಲ್ಲಿ ಗೂರ್ಖಾ ಪಡೆಯಿಂದ ನಿವೃತ್ತರಾದ ನೇಪಾಳಿ ಹಿರಿಯರೊಬ್ಬರಿದ್ದರು. ಲಿಫ್ಟಿನಲ್ಲಿ ಒಮ್ಮೆ ಊರು ಯಾವುದು ಅಂತ ಕೇಳಿದರು. ಕೂರ್ಗ್ ಅಂದೆ. "ಕಾರ್ಯಪ್ಪ!" ಅಂದರು. ಕಾರ್ಯಪ್ಪನವರು ಹುಟ್ಟಿದ್ದೇ ನಮ್ಮ ಶನಿವಾರಸಂತೆಯಲ್ಲಿ ಅಂತ ನಾನು ಎದೆಯುಬ್ಬಿಸಿ ಹೇಳಿದೆ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ, ಆದರೂ ಪರದೇಶದಲ್ಲಿ ಅಂಥದ್ದೇ ಕೈ ಹಿಡಿಯುವುದು.

ಮುಂದಿನ ಭಾನುವಾರ ಅವರೇ ನನ್ನನ್ನು ಸಾಯ್ ಕುಂಗ್ ಕಡೆ ಕರೆದುಕೊಂಡು ಹೋದರು. ಬಸ್ಸಿಳಿದರೆ ಬೆಟ್ಟ, ಬೆಟ್ಟದ ಕೆಳಗೆ ಸಮುದ್ರ. ಕಟ್ಟಡಗಳೇ ತುಂಬಿವೆ ಅಂದುಕೊಂಡಿದ್ದ ಊರಿನ ನೆಲದಲ್ಲಿ ಸುಮಾರು ಶೇಕಡಾ 40 ಭಾಗ ಕಂಟ್ರಿ ಪಾರ್ಕುಗಳು, ಅಂದರೆ ಕಾಯ್ದಿಟ್ಟ ಕಾಡು ಬೆಟ್ಟ ಅಂತ ಅವತ್ತೇ ಗೊತ್ತಾಗಿದ್ದು. ನೀನು ಈಗ ಹೊರಟಿರುವ ಟ್ರೈಲ್‌ವಾಕರ್ ನಡಿಗೆಯ ಕತೆ ಹೇಳಿದವರೂ ಅವರೇ. 1981ರಲ್ಲಿ ಅದು ಆಗ ಅಲ್ಲಿದ್ದ ಬ್ರಿಟಿಷ್ ಸೈನ್ಯದ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾಯಿತು. 1986ರಿಂದ ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆ ಜೊತೆಗೂಡಿತು, ಸಾಮಾನ್ಯ ಜನರಿಗೂ ತೆರೆಯಿತು. ಮ್ಯಾಕ್ಲಹೋಸ್ ಟ್ರೈಲ್ ಅನ್ನೋ ಬೆಟ್ಟದ ಕಾಲುದಾರಿ ಮೇಲೆ 100 ಕಿಲೋಮೀಟರ್, ನಾಲ್ಕು ಜನರ ತಂಡ, 48 ಗಂಟೆಯ ಗಡುವು. ನಾಲ್ವರೂ ಒಟ್ಟಿಗೇ ಇರಬೇಕು, ಒಟ್ಟಿಗೇ ಚೆಕ್‌ಪಾಯಿಂಟ್ ದಾಟಬೇಕು. ಸೈನಿಕರು ಮಾಡಿದ ನಿಯಮ ಅಲ್ವಾ, ಹಾಗೇ ಇರುತ್ತದೆ.

ಇನ್ನು ನಿನ್ನ "ನಮಗೇನು ಹೊಸತಾ" ಮಾತಿಗೆ ಬರುತ್ತೇನೆ. ಮ್ಯಾಪ್ ನೋಡಿ ನಕ್ಕಿರುತ್ತೀಯ, ನನಗೆ ಗೊತ್ತು. ಹಾಂಗ್‌ಕಾಂಗಿನ ಅತಿ ಎತ್ತರದ ಬೆಟ್ಟ ತೈ ಮೋ ಶಾನ್ 957 ಮೀಟರ್. ನಮ್ಮ ಮಡಿಕೇರಿ ಪೇಟೆಯೇ 1,100 ಮೀಟರಿಗಿಂತ ಮೇಲಿದೆ. ತಡಿಯಂಡಮೋಳ್ 1,748. ಆದರೆ ಅಲ್ಲಿ ಸಮುದ್ರದ ಮಟ್ಟದಿಂದಲೇ ಹತ್ತಬೇಕು. ಹತ್ತಿ ಇಳಿದು, ಮತ್ತೆ ಹತ್ತಿ ಮತ್ತೆ ಇಳಿದು. ತೈ ಮೋ ಶಾನ್ ಬರುವುದು ಸುಮಾರು 70 ಕಿಲೋಮೀಟರ್ ಕಾಲು ಸವೆದ ಮೇಲೆ, ನಿನ್ನಂಥವರಿಗೆ ಬಹುಶಃ ರಾತ್ರಿಯಲ್ಲಿ. ಸಂಕ್ರಮಣಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ನಡೆದು ಹತ್ತಿದ್ದೀಯ ಅಂತಿಟ್ಟುಕೋ. ಅದು ಎಂಟು ಕಿಲೋಮೀಟರ್.

ಇನ್ನೊಂದು, ನಮ್ಮ ಕಾಲು ಮಣ್ಣಿಗೆ ಒಗ್ಗಿದ ಕಾಲು. ತೋಟದ ದಾರಿ, ಎಲೆ ಬಿದ್ದ ನೆಲ, ಗದ್ದೆಯ ಬದು. ಅಲ್ಲಿ ಎಷ್ಟೋ ಕಡೆ ಕಾಂಕ್ರೀಟ್ ರಸ್ತೆ, ಕಲ್ಲಿನ ಮೆಟ್ಟಿಲು. ಬೆಟ್ಟದ ಮೇಲೂ ಮೆಟ್ಟಿಲು! ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಪ್ರತಿ 500 ಮೀಟರಿಗೆ ನಂಬರು ಬರೆದ ಕಂಬ ಇದೆ, ಒಟ್ಟು 200. ಮೊದಲು ಅದನ್ನು ನೋಡಿ ಖುಷಿಯಾಗುತ್ತದೆ. 130ನೇ ಕಂಬದ ಹೊತ್ತಿಗೆ ಅದನ್ನು ನೆಟ್ಟವರ ಮೇಲೆ ಸಿಟ್ಟು ಬರುತ್ತದೆ.

ನಾನು ಆ ನಡಿಗೆಗೆ ಹೋದಾಗ ನಮ್ಮ ತಂಡದ ನಾಲ್ವರಲ್ಲಿ ಒಬ್ಬ ಸಿದ್ದಾಪುರ ಕಡೆಯವನು. ಕಾಫಿ ತೋಟದ ಮನೆ, ಗಟ್ಟಿ ಆಳು. ಹೆಸರು ಬೇಡ. ಇನ್ನಿಬ್ಬರು ಆಫೀಸಿನವರು, ಒಬ್ಬಳು ಅಲ್ಲಿಯದೇ ಹುಡುಗಿ, ಒಬ್ಬ ಸ್ಕಾಟ್‌ಲೆಂಡಿನವನು. ಆ ಹುಡುಗಿ ಶುರುವಿನಿಂದಲೂ ಬಾಯಿ ಬಿಟ್ಟು ಹೇಳುತ್ತಿದ್ದಳು. ಹಿಮ್ಮಡಿ ಉರಿಯುತ್ತಿದೆ, ನಿಲ್ಲಿ. ಸಾಕ್ಸ್ ಒದ್ದೆಯಾಗಿದೆ, ನಿಲ್ಲಿ. ಕೂತು ಟೇಪ್ ಹಾಕಿಕೊಂಡು ಏಳುತ್ತಿದ್ದಳು. ನಾವಿಬ್ಬರು ಮುಖ ಮುಖ ನೋಡಿಕೊಂಡು "ಶುರುವಾಯಿತು ನೋಡು" ಅಂತ ಕನ್ನಡದಲ್ಲಿ ನಗುತ್ತಿದ್ದೆವು.

ಸಿದ್ದಾಪುರದವನ ಮಂಡಿ ಮಾ ಓನ್ ಶಾನ್ ಬೆಟ್ಟದ ಕಡೆಯಲ್ಲೇ ಹಿಡಿದುಕೊಂಡಿತ್ತಂತೆ. ಅರ್ಧ ದಾರಿಯೂ ಆಗಿರಲಿಲ್ಲ. ಒಂದು ಮಾತು ಆಡಲಿಲ್ಲ. ಪಕ್ಕದಲ್ಲೇ ನಡೆಯುತ್ತಾ ಈ ಸಲದ ಹೂಮಳೆ, ಮೆಣಸಿನ ರೇಟು, ಅಂಗಳಕ್ಕೆ ಬಂದ ಆನೆ, ಎಲ್ಲ ಮಾತಾಡಿದ. ಅದೊಂದನ್ನು ಬಿಟ್ಟು. ಶಿಂಗ್ ಮುನ್ ಜಲಾಶಯ ದಾಟಿದ ಮೇಲೆ ನೀಡಲ್ ಹಿಲ್ ಅಂತ ಒಂದು ಚೂಪು ಗುಡ್ಡ ಬರುತ್ತದೆ. ಅದರ ಮೆಟ್ಟಿಲು ಇಳಿಯುವಾಗ ಅವನು ಅಡ್ಡ ತಿರುಗಿ, ಒಂದೊಂದೇ ಕಾಲು ಇಟ್ಟು ಇಳಿಯುತ್ತಿದ್ದ. ಏನೋ ಅಂದರೆ "ಏನಿಲ್ಲ, ನಡಿ" ಅಂದ. ಲೆಡ್ ಮೈನ್ ಪಾಸ್‌ಗೆ ಬಂದಾಗ ಮಧ್ಯರಾತ್ರಿ ಕಳೆದಿತ್ತು. ಅಲ್ಲಿ ನೆಲದ ಮೇಲೆ ಕೂತವನು ಏಳಲಿಲ್ಲ. ಪ್ರಥಮ ಚಿಕಿತ್ಸೆಯವರು ಪ್ಯಾಂಟು ಮಡಚಿ ನೋಡಿದರು, ಮಂಡಿ ಊದಿಕೊಂಡಿತ್ತು. ಯಾವಾಗಿಂದ ನೋವು ಅಂತ ಕೇಳಿದರು. "ಮಧ್ಯಾಹ್ನದಿಂದ" ಅಂದ. ಆ ಹುಡುಗಿ ತಿರುಗಿ ನನ್ನ ಮುಖ ನೋಡಿದಳು.

ನಿಯಮದ ಪ್ರಕಾರ ಒಬ್ಬರು ಬಿಟ್ಟರೆ ಉಳಿದವರು ಮುಂದುವರಿಯಬಹುದು. ನೀವು ಹೋಗಿ ಅಂತ ಅವನೇ ಹೇಳಿದ. ಮೊದಲು ನನಗೆ ಕನ್ನಡದಲ್ಲಿ, ಆಮೇಲೆ ಅವರಿಬ್ಬರಿಗೆ ಇಂಗ್ಲಿಷಿನಲ್ಲಿ. ನಾವು ಹೋದೆವು. ತೈ ಮೋ ಶಾನ್ ಹತ್ತಿ ಇಳಿದು ರೂಟ್ ಟ್ವಿಸ್ಕ್ ಅನ್ನೋ ರಸ್ತೆ ತಲುಪುವವರೆಗೆ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಮುಗಿಸಿದೆವು. ಕೊನೆಯಲ್ಲಿ ತೆಗೆದ ಫೋಟೊದಲ್ಲಿ ಮೂರು ಜನ ಇದ್ದೇವೆ. ಅಮ್ಮ ಅದನ್ನು ಇಲ್ಲಿ ಶೋಕೇಸಿನಲ್ಲಿ ಇಟ್ಟಿದ್ದಾಳೆ, ಬಂದವರಿಗೆಲ್ಲ ತೋರಿಸುತ್ತಾಳೆ. ನಾಲ್ಕು ಜನ ಅಂದಿದ್ದೆಯಲ್ಲ ಅಂತ ಯಾರೂ ಈವರೆಗೆ ಕೇಳಿಲ್ಲ.

ನನ್ನನ್ನು ಇನ್ನೂ ಕೊರೆಯುವುದು ಅವನು ನಿಂತದ್ದಲ್ಲ. 48 ಗಂಟೆ ಬೇಕಾದಷ್ಟು ಸಮಯ. ಮಾ ಓನ್ ಶಾನ್ ಆದ ಮೇಲಿನ ಚೆಕ್‌ಪಾಯಿಂಟಿನಲ್ಲಿ ಒಂದು ಮಾತು ಹೇಳಿದ್ದರೆ ಮಂಡಿಗೆ ಪಟ್ಟಿ ಕಟ್ಟಿ, ನನ್ನ ವಾಕಿಂಗ್ ಪೋಲ್ ಅವನಿಗೆ ಕೊಟ್ಟು, ಅವನ ಬ್ಯಾಗು ನಾವು ಹಂಚಿಕೊಂಡು, ನಿಧಾನವಾಗಿ ನಾಲ್ವರೂ ಮುಗಿಸುತ್ತಿದ್ದೆವೋ ಏನೋ. ಅವನು ಹೇಳಲಿಲ್ಲ. ನಾವು ಬೆಳೆದದ್ದೇ ಹಾಗೆ. ಗದ್ದೆಯಲ್ಲಿ ಜಾರಿ ಬಿದ್ದರೆ "ಏನಾಗಿಲ್ಲ, ಏಳು" ಅನ್ನುತ್ತಾರೆ. ಏನೂ ಆಗಿಲ್ಲ ಅಂತ ನಾವೂ ಏಳುತ್ತೇವೆ. ಫೋನಿನಲ್ಲಿ ಮನೆಯವರು ಕೇಳಿದರೆ ಜ್ವರದಲ್ಲಿ ಮಲಗಿದ್ದರೂ "ಆರಾಮ" ಅನ್ನುತ್ತೇವೆ, ನೀನೂ ಅಷ್ಟೇ. ಮೊನ್ನೆ ನಿನ್ನ ದನಿ ಕೇಳಿದಾಗಲೇ ನನಗೆ ಗೊತ್ತಾಯಿತು.

ಅವನು ಈಗ ಊರಿಗೇ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿದ್ದಾನೆ. ಹೋದ ವಾರ ಸಿದ್ದಾಪುರಕ್ಕೆ ಹೋಗಿದ್ದೆ. ಒಳ್ಳೆ ಊಟ ಹಾಕಿಸಿದ, ಮೆಣಸಿನ ಬಳ್ಳಿ ತೋರಿಸಿದ. ಆ ರಾತ್ರಿಯ ಮಾತು ಅವನು ತೆಗೆಯಲಿಲ್ಲ, ನನಗೂ ಬಾಯಿ ಬರಲಿಲ್ಲ.

ಅದಕ್ಕೇ ನಿನಗೆ ಹೇಳುವುದು. ಪ್ರತಿ ಚೆಕ್‌ಪಾಯಿಂಟಿನಲ್ಲಿ ನಾಲ್ವರೂ ಒಂದು ನಂಬರು ಹೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನೋವು ಹತ್ತಕ್ಕೆ ಎಷ್ಟು? ಎರಡು, ನಾಲ್ಕು, ಏನಾದರೂ ಸರಿ. ಸುಮ್ನೆ "ಆರಾಮ" ಅನ್ನಲು ಬಿಡಬೇಡಿ. ಮೊದಲ ನಂಬರು ನೀನೇ ಹೇಳು.

ದುಡ್ಡಿನ ವಿಷಯ. ಕೇಳಲು ನಾಚಿಕೆ ಆಗುತ್ತದೆ ಅಂದೆ. ನನಗೂ ಆಗಿತ್ತು. ನಮ್ಮಲ್ಲಿ ಕೊಡುವುದಕ್ಕೆ ಮನಸ್ಸು ಇದೆ, ಕೇಳುವುದಕ್ಕೆ ನಾಲಿಗೆ ಇಲ್ಲ. ಅಲ್ಲಿ ಹಾಗಲ್ಲ. ತಂಡಕ್ಕೆ ಇಂತಿಷ್ಟು ಸಂಗ್ರಹಿಸಬೇಕು ಅಂತ ಕನಿಷ್ಠ ಮೊತ್ತ ಇರುತ್ತದೆ, ಆಫೀಸಿನಲ್ಲಿ ಎಲ್ಲರಿಗೂ ಲಿಂಕ್ ಕಳಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಕೊಡದವರನ್ನು ಮತ್ತೆ ಕೇಳಬೇಡ, ಅಷ್ಟೇ. ನಾಳೆ ಅವರು ಯಾವುದಕ್ಕಾದರೂ ಕೇಳಿದಾಗ ನೀನೂ ಕೊಡು. ಊರಿನವರ ಹತ್ತಿರ ಮಾತ್ರ ಕೇಳಬೇಡ. ಡಾಲರಿನಲ್ಲಿ ದುಡಿಯುವವನು ನಮ್ಮ ಹತ್ತಿರ ಯಾಕೆ ಕೇಳುತ್ತಾನೆ ಅಂತಾರೆ, ಅದು ಸರಿಯೂ ಹೌದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಮನೆಗಳು ಹೋದಾಗ ನಾನು ಆಫೀಸಿನಲ್ಲಿ ಒಂದು ಮಾತು ಹೇಳಿದೆ. ಮ್ಯಾಪಿನಲ್ಲಿ ಕೊಡಗು ಎಲ್ಲಿದೆ ಅಂತ ತೋರಿಸಲಾಗದವರೂ ಕೊಟ್ಟರು. ಆ ಹುಡುಗಿ ಎಲ್ಲರಿಗಿಂತ ಮೊದಲು ಕೊಟ್ಟಳು. ಅವತ್ತಿಂದ ನನಗೆ ಕೇಳುವುದರಲ್ಲಿ ನಾಚಿಕೆ ಹೋಯಿತು.

ಆ ದಿನಕ್ಕೆ ಹೊಸ ಶೂ ಬೇಡ, ಅರ್ಧ ಸೈಜು ದೊಡ್ಡದು ತಗೊಂಡು ಈಗಿನಿಂದಲೇ ಹಾಕಿ ನಡಿ. ಸಾಕ್ಸ್ ಜಾಸ್ತಿ ಇಟ್ಟುಕೋ. ಉಗುರು ಎರಡು ದಿನ ಮೊದಲೇ ಕತ್ತರಿಸು. ಹೆಡ್ ಟಾರ್ಚಿಗೆ ಹೆಚ್ಚುವರಿ ಬ್ಯಾಟರಿ ಬೇಕು. ಬೇಸಿಗೆಯ ಸೆಕೆಯಲ್ಲಿ ಉದ್ದದ ಪ್ರಾಕ್ಟೀಸ್ ಮಾಡಬೇಡ, ತಲೆ ತಿರುಗುತ್ತದೆ. ನವೆಂಬರ್ ಹೊತ್ತಿಗೆ ಹವೆ ತಂಪಾಗುತ್ತದೆ, ಅಕ್ಟೋಬರಿನಲ್ಲಿ ಉದ್ದ ನಡಿ. ಶಿಂಗ್ ಮುನ್ ಮುಂಚೆ ಕೋತಿಗಳಿವೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ, ನಮ್ಮ ಊರಿನವಕ್ಕಿಂತ ಮೇಲು. ತಿಂಡಿ ಹಾಕಬೇಡ, ಅಲ್ಲಿ ಅದು ಕಾನೂನು ಪ್ರಕಾರ ತಪ್ಪು.

ಸಪೋರ್ಟ್‌ಗೆ ಯಾರಿದ್ದಾರೆ ಅಂತ ಕೇಳಿದೆಯಲ್ಲ. ಇದು ನಾಟಿಗೆ ಮುಯ್ಯಾಳು ಕೂಡಿಸಿದ ಹಾಗೆ. ಇವತ್ತು ಅವರು ನಿನ್ನ ಗದ್ದೆಗೆ, ನಾಳೆ ನೀನು ಅವರ ಗದ್ದೆಗೆ. ನಮಗೆ ಅನ್ನ ತಂದುಕೊಟ್ಟದ್ದು ಆ ನೇಪಾಳಿ ಹಿರಿಯರು ಮತ್ತು ಅವರ ಮನೆಯವರು. ಮಿನಿ ಬಸ್ಸಿನಲ್ಲಿ ಡಬ್ಬಿ ಹೊತ್ತುಕೊಂಡು ಬಂದು ಕತ್ತಲಲ್ಲಿ ಕಾದು ಕೂತಿದ್ದರು. ಅವರು ಆಮೇಲೆ ಮಕ್ಕಳ ಹತ್ತಿರ ಇಂಗ್ಲೆಂಡಿಗೆ ಹೋದರು. ಹಾಂಗ್‌ಕಾಂಗಿನಲ್ಲಿ ಜನ ಹೀಗೇ, ಕೆಲವು ವರ್ಷ ಇರುತ್ತಾರೆ, ಹೋಗುತ್ತಾರೆ. ಅವರ ಮುಯ್ಯಿ ನನ್ನ ಮೇಲೆ ಹಾಗೇ ಉಳಿದಿದೆ. ಅದನ್ನು ನಿನ್ನ ಮೇಲೆ ತೀರಿಸುತ್ತೇನೆ.

ಸೆಪ್ಟೆಂಬರಿನಲ್ಲಿ ನಾನು ವಾಪಸ್ ಬರುತ್ತೇನೆ. ನಿನ್ನ ತಂಡದ ಮೂವರನ್ನೂ ಕರೆದುಕೊಂಡು ಮನೆಗೆ ಬಾ. ಕೇ ಲಿಂಗ್ ಹಾ ಮತ್ತು ಶಿಂಗ್ ಮುನ್ ಚೆಕ್‌ಪಾಯಿಂಟು ನಾನು ನೋಡಿಕೊಳ್ಳುತ್ತೇನೆ. ರೂಟ್ ಟ್ವಿಸ್ಕ್‌ಗೆ ನಿನ್ನ ಆಫೀಸಿನ ಯಾರನ್ನಾದರೂ ಒಪ್ಪಿಸು, ಬೆಳಗಿನ ಜಾವ ಕಾರು ಇರುವವರು ಬೇಕು. ನಾನು ತರುವುದು ಮೊಸರನ್ನ, ಉಪ್ಪಿನಕಾಯಿ, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಪಂದಿ ಕರಿ ಕೇಳಬೇಡ, ಆ ಹೊತ್ತಿಗೆ ಹೊಟ್ಟೆ ತಡೆಯುವುದಿಲ್ಲ. ನಿಮ್ಮಲ್ಲಿ ಯಾರು ಏನು ತಿನ್ನುವುದಿಲ್ಲ ಅಂತ ಮೊದಲೇ ಬರೆದು ಕಳಿಸು. ನಿನ್ನ ಶೂ ಸೈಜನ್ನೂ ಕಳಿಸು, ನನ್ನ ಹತ್ತಿರ ಒಂದು ಜೊತೆ ವಾಕಿಂಗ್ ಪೋಲ್, ಎರಡು ಮಂಡಿ ಪಟ್ಟಿ, ಅಷ್ಟೇನೂ ಸವೆಯದ ಒಂದು ಶೂ ಇದೆ.