ಮಾತ್ರೆ ಬಿಟ್ಟ ಮೇಲೆ ಬಾರದ ನಿದ್ರೆ: ಒಂದು ಆಪ್ತಸಲಹೆ ಪ್ರಕರಣ

ಕಾಸರಗೋಡು ಜಿಲ್ಲೆಯ ಒಳನಾಡಿನ ಅಡಿಕೆ ಕೃಷಿಕರೊಬ್ಬರು ಪತ್ನಿಯೊಂದಿಗೆ ಆಪ್ತಸಲಹೆಗೆ ಬಂದಿದ್ದರು. ಅವರ ಪ್ರಾಯ ಐವತ್ತರ ಆಸುಪಾಸು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. “ಎರಡು ವಾರದಿಂದ ಕಣ್ಣಿಗೆ ಕಣ್ಣು ಕೂಡಿಲ್ಲ ಮೇಡಂ” ಎಂಬುದು ಅವರ ದೂರಾಗಿತ್ತು. ಪತ್ನಿಯ ಆತಂಕ ಬೇರೆಯೇ ಇತ್ತು: “ಇವರಿಗೆ ಮೊದಲಿನ ಕಾಯಿಲೆ ತಿರುಗಿ ಬಂತು ಅಂತ ಕಾಣುತ್ತದೆ.”

ಮೊದಲಿನ ಕಾಯಿಲೆಯೆಂದರೆ 2019ರ ಕೊನೆಯಲ್ಲಿ, ಕೊಳೆರೋಗಕ್ಕೆ ಫಸಲು ಹೋಗಿ, ಸಾಲದ ಕಂತು ಬಾಕಿಯಾಗಿ, ತಂದೆಯೂ ತೀರಿಕೊಂಡ ಹೊತ್ತಿನಲ್ಲಿ ಶುರುವಾದ ಎದೆಬಡಿತ ಮತ್ತು ‘ಈಗ ಸತ್ತೇ ಹೋಗುತ್ತೇನೆ’ ಎಂಬ ಭಯ. ಮಂಗಳೂರಿನ ವೈದ್ಯರೊಬ್ಬರು ರಾತ್ರಿ ತೆಗೆದುಕೊಳ್ಳಲು ಒಂದು ಮಾತ್ರೆ ಬರೆದುಕೊಟ್ಟರು; ಕೆಲವೇ ವಾರಗಳಲ್ಲಿ ಆರಾಮವಾಯಿತು. ಮತ್ತೆ ತೋರಿಸಲು ಹೋಗಬೇಕೆನ್ನುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಇಲ್ಲಿನ ಕನ್ನಡಿಗರಿಗೆ ಆಸ್ಪತ್ರೆಯೆಂದರೆ ಮಂಗಳೂರೇ ಆಗಿದ್ದ ಕಾರಣ, ಆ ದಿನಗಳಲ್ಲಿ ಎಷ್ಟೋ ಮಂದಿಯ ಚಿಕಿತ್ಸೆ ಅರ್ಧದಲ್ಲಿ ನಿಂತಿತು. ಇವರದು ನಿಲ್ಲಲಿಲ್ಲ, ಯಾರ ಮೇಲ್ವಿಚಾರಣೆಯೂ ಇಲ್ಲದೆ ಮುಂದುವರಿಯಿತು. ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಿಂದ ತರಿಸಿಕೊಂಡು ವರ್ಷಗಟ್ಟಲೆ ಅದೇ ಮಾತ್ರೆ ನುಂಗಿದರು. ಕೊನೆಗೆ ಒಂದು ಮದುವೆಯಲ್ಲಿ ಸಿಕ್ಕ ನೆಂಟರೊಬ್ಬರು “ಅದು ಅಭ್ಯಾಸ ಆಗುವ ಮಾತ್ರೆ, ಮಂಡೆ ಹಾಳಾಗುತ್ತದೆ” ಎಂದದ್ದನ್ನು ಕೇಳಿ, ಆ ರಾತ್ರಿಯಿಂದಲೇ ಪೂರ್ತಿ ಬಿಟ್ಟರು.

ಮಾತ್ರೆಯ ಹಾಳೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಬಂದಿದ್ದರು. ಅದರ ಬೆನ್ನಿನ ಸಣ್ಣ ಅಕ್ಷರಗಳನ್ನು ಅವರ ಕೈಯಿಂದಲೇ ಓದಿಸಿದೆ. ಒಂದೇ ಮಾತ್ರೆಯೊಳಗೆ ಎರಡು ಮದ್ದುಗಳಿದ್ದವು: ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ, ಕ್ಲೋನಜೆಪಾಮ್ 0.5 ಮಿಲಿಗ್ರಾಂ. ಮೊದಲನೆಯದು ಆತಂಕ ಮತ್ತು ಖಿನ್ನತೆಗೆ ಕೊಡುವಂಥದ್ದು, ಎರಡನೆಯದು ನರಮಂಡಲವನ್ನು ತಣಿಸಿ ನಿದ್ರೆ ತರಿಸುವಂಥದ್ದು. ಇವೆರಡೂ ಕೂಡಿದ ಮಾತ್ರೆಗಳು ನಮ್ಮ ದೇಶದಲ್ಲಿ ಧಾರಾಳವಾಗಿ ಬಳಕೆಯಲ್ಲಿವೆ. ನುಂಗುವವರಿಗೆ ಅದು ‘ನಿದ್ರೆ ಮಾತ್ರೆ’ ಎಂದಷ್ಟೇ ಗೊತ್ತಿರುತ್ತದೆ. ಬಿಟ್ಟಾಗ ಎರಡು ಬೇರೆ ಬೇರೆ ಮದ್ದುಗಳು ಒಟ್ಟಿಗೇ ನಿಲ್ಲುತ್ತವೆ ಎಂಬುದು ಗೊತ್ತಿರುವುದಿಲ್ಲ. ಇದನ್ನು ರೋಗಿಗೆ ಅವರ ಭಾಷೆಯಲ್ಲಿ ಹೇಳಿ ತಿಳಿಸುವುದು ಚಿಕಿತ್ಸೆಯದೇ ಭಾಗ ಎಂದು ನಾನು ನಂಬಿದ್ದೇನೆ.

ಕಾಯಿಲೆ ಮರಳಿದೆಯೋ, ಮದ್ದು ಬಿಟ್ಟದ್ದರ ಪರಿಣಾಮವೋ ಎಂಬುದನ್ನು ಬಿಡಿಸಿಕೊಳ್ಳಲು ದಿನಗಳ ಲೆಕ್ಕ ಕೇಳಿದೆ. ಮೊದಲ ಮೂರು ದಿನ ಏನೂ ಆಗಲಿಲ್ಲವಂತೆ. “ನಾನು ಗೆದ್ದೆ ಅಂದುಕೊಂಡೆ” ಎಂದರು. ನಾಲ್ಕನೆಯ ರಾತ್ರಿಯಿಂದ ನಿದ್ರೆ ಹೋಯಿತು, ಬೆವರು, ಕೈನಡುಕ ಶುರುವಾಯಿತು, ಪಾತ್ರೆ ಬಿದ್ದ ಸದ್ದಿಗೂ ಬೆಚ್ಚಿಬೀಳುವಂತಾಯಿತು, ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗತೊಡಗಿತು. ರಕ್ತದಲ್ಲಿ ಕ್ಲೋನಜೆಪಾಮ್‌ನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 30ರಿಂದ 40 ಗಂಟೆ ಬೇಕು, ಎಸ್ಸಿಟಾಲೊಪ್ರಾಮ್‌ಗೆ ಸುಮಾರು 30 ಗಂಟೆ. ಆದ್ದರಿಂದ ತೊಂದರೆ ತಡವಾಗಿ ಏಳುತ್ತದೆ, ತಡವಾಗಿ ಎದ್ದದ್ದಕ್ಕೇ ಜನ ಅದನ್ನು ಹಳೆಯ ಕಾಯಿಲೆಯೆಂದು ತಿಳಿಯುತ್ತಾರೆ. ತಲೆಯೊಳಗಿನ ಕರೆಂಟು 2019ರಲ್ಲಿ ಇತ್ತೇ ಎಂದು ಕೇಳಿದಾಗ ಇಬ್ಬರೂ ಇಲ್ಲವೆಂದರು. ಮೊದಲು ಇಲ್ಲದಿದ್ದ ಲಕ್ಷಣಗಳು ಮದ್ದು ಬಿಟ್ಟ ಕೆಲವೇ ದಿನಗಳಲ್ಲಿ ಹುಟ್ಟಿಕೊಂಡಿದ್ದರೆ, ಅದು ವರ್ಷಗಟ್ಟಲೆ ಮದ್ದಿಗೆ ಒಗ್ಗಿದ ನರಮಂಡಲದ ಪ್ರತಿಕ್ರಿಯೆಯಾಗಿರುವ ಸಾಧ್ಯತೆಯೇ ಹೆಚ್ಚು. ಈ ಮಾತು ಕೇಳಿ ಪತ್ನಿ ಅತ್ತುಬಿಟ್ಟರು.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ನಿದ್ರೆಯಿಲ್ಲದ ರಾತ್ರಿಗಳ ಮೇಲೆ ರಾತ್ರಿ ಕಳೆದವರನ್ನು ಈ ಪ್ರಶ್ನೆ ಕೇಳದೆ ಕಳುಹಿಸಬಾರದು. “ಹೀಗೆ ಬದುಕಿ ಎಂತ ಪ್ರಯೋಜನ ಅಂತ ಬೆಳಗ್ಗಿನ ಜಾವಕ್ಕೆ ಅನಿಸುತ್ತದೆ” ಎಂದರು; ಮಾಡಿಕೊಳ್ಳುವ ಉದ್ದೇಶವಿರಲಿಲ್ಲ. ಆದರೂ ತೋಟದ ಕಳೆನಾಶಕ, ಕೀಟನಾಶಕಗಳನ್ನು ಅಂದೇ ತಮ್ಮನ ಮನೆಗೆ ಸಾಗಿಸಲು ಹೇಳಿದೆ. ನಿದ್ರೆಗೆಟ್ಟ ದಿನಗಳಲ್ಲಿ ಫಸಲಿಗೆ ಮದ್ದು ಸಿಂಪಡಿಸಲು ಅಡಿಕೆ ಮರ ಹತ್ತಬಾರದು, ಹುಲ್ಲು ಕತ್ತರಿಸುವ ಯಂತ್ರ ಹಿಡಿಯಬಾರದು, ಬೈಕು ಓಡಿಸಬಾರದು ಎಂದೂ ತಿಳಿಸಿದೆ. ಕ್ಲೋನಜೆಪಾಮ್‌ನಂಥ ಮದ್ದನ್ನು ಒಮ್ಮೆಲೇ ಬಿಟ್ಟವರಲ್ಲಿ ಕೆಲವರಿಗೆ ಅಪಸ್ಮಾರ ಬರುವುದುಂಟು, ಹಾಗಾಗಿ ಮನೋವೈದ್ಯರನ್ನು ತಡಮಾಡದೆ ಕಾಣುವ ಏರ್ಪಾಡನ್ನು ಅಲ್ಲಿಂದಲೇ ಮಾಡಲಾಯಿತು.

ಮನೋವೈದ್ಯರು ಎರಡೂ ಮದ್ದುಗಳನ್ನು ಬೇರೆ ಬೇರೆ ಮಾತ್ರೆಗಳಾಗಿ ಮತ್ತೆ ಆರಂಭಿಸಿ, ಮೈ ಸ್ಥಿಮಿತಕ್ಕೆ ಬಂದ ಮೇಲೆ ಕ್ಲೋನಜೆಪಾಮನ್ನು ಮಾತ್ರ ನಿಧಾನವಾಗಿ ಇಳಿಸುವುದೆಂದು ನಿಶ್ಚಯಿಸಿದರು. ಕೃಷಿಕರಿಗೆ ಇದು ಸೋಲೆನಿಸಿತು. ತೋಡಿನ ಕಟ್ಟವನ್ನು ಒಮ್ಮೆಲೇ ಒಡೆದರೆ ಕೆಳಗಿನ ಗದ್ದೆ ಕೊಚ್ಚಿಹೋಗುತ್ತದೆ, ಹಲಗೆ ಒಂದೊಂದಾಗಿ ತೆಗೆದರೆ ನೀರು ತಾನಾಗಿ ಇಳಿಯುತ್ತದೆ ಎಂದಾಗ ಒಪ್ಪಿದರು. ಅವರ ಇಳಿಕೆಯ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಯಾರೂ ಅದನ್ನು ನಕಲು ಮಾಡಬಾರದು. ಅಮೆರಿಕದ ವ್ಯಸನ ವೈದ್ಯರ ಸಂಘ ಇತರ ಸಂಘಗಳೊಂದಿಗೆ 2025ರಲ್ಲಿ ಹೊರತಂದ ಮಾರ್ಗಸೂಚಿಯು ಕ್ಲೋನಜೆಪಾಮ್ ವರ್ಗದ ಮದ್ದುಗಳನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದರಿಂದ ಆರಂಭಿಸಲು ಹೇಳುತ್ತದೆ, ಎರಡು ವಾರಗಳಲ್ಲಿ ಶೇ. 25ನ್ನು ಮೀರಬಾರದೆನ್ನುತ್ತದೆ. ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ಒಂದೇ ರಾತ್ರಿಯಲ್ಲಿ ಬಿಡುವುದು ಎಷ್ಟು ಅಪಾಯವೆಂದು ತಿಳಿಯಲು ಈ ಲೆಕ್ಕ ಸಾಕು.

ರಾತ್ರಿಗಳನ್ನು ಕಳೆಯುವ ಬಗೆ ನನ್ನ ಕೆಲಸವಾಗಿತ್ತು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ವರ್ತನೆ ಮತ್ತು ಯೋಚನೆಗಳನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಶಿಫಾರಸು ಮಾಡಿದೆ. ಇವರು ‘ಹೇಗಾದರೂ ನಿದ್ರೆ ಬರಲಿ’ ಎಂದು ಎಂಟೂವರೆಗೇ ಹಾಸಿಗೆ ಸೇರುತ್ತಿದ್ದರು. ಬೆಳಗಿನವರೆಗೂ ಹೊರಳಾಡಿ, ಗಂಟೆಗೊಮ್ಮೆ ಮೊಬೈಲಿನಲ್ಲಿ ಸಮಯ ನೋಡುತ್ತಿದ್ದರು. ಹತ್ತೂವರೆಯ ಮೊದಲು ಮಲಗಬಾರದು, ನಿದ್ರೆ ಬಂದಿರಲಿ ಬಾರದಿರಲಿ ಐದೂವರೆಗೆ ಏಳಬೇಕು, ಹಗಲು ಮಲಗಬಾರದು ಎಂದು ನಿಗದಿ ಮಾಡಿದೆವು. ಮಲಗುವ ಅವಧಿಯನ್ನು ಇನ್ನೂ ಕಡಿತಗೊಳಿಸುವ ಕ್ರಮವೂ ಇದೆ, ಆದರೆ ಅಪಸ್ಮಾರದ ಭಯವಿರುವಾಗ ನಿದ್ರೆಯನ್ನು ಮತ್ತಷ್ಟು ಕೆಡಿಸುವುದು ಸರಿಯಲ್ಲ. ಮಲಗಿದಲ್ಲಿ ಚಡಪಡಿಕೆ ಹೆಚ್ಚಿದರೆ ಎದ್ದು ಚಾವಡಿಗೆ ಬಂದು ಮಂದ ಬೆಳಕಿನಲ್ಲಿ ಕೂರಬೇಕು, ಕಣ್ಣು ಎಳೆದಾಗಲೇ ಮತ್ತೆ ಹಾಸಿಗೆಗೆ ಹೋಗಬೇಕು. ಚಾವಡಿಯಲ್ಲಿ ಏನು ಮಾಡಲಿ ಎಂದು ಕೇಳಿದರು. ಮಡಲಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುವುದೆಂದು ಅವರೇ ಆರಿಸಿಕೊಂಡರು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ರಾತ್ರಿ ಎಚ್ಚರವಾದಾಗಲೆಲ್ಲ ಬೇಸರ ಕಳೆಯಲು ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುತ್ತಿದ್ದರು. ಹೊಗೆಸೊಪ್ಪಿನ ನಿಕೋಟಿನ್ ಎಚ್ಚರಿಸುವ ವಸ್ತು, ಅಡಿಕೆಯ ಅರೆಕೋಲಿನ್ ಕೂಡ ನರಗಳನ್ನು ಕೆರಳಿಸುವಂಥದ್ದು. ಸಂಜೆಯ ಬಳಿಕ ಎಲೆಯಡಿಕೆಯ ತಟ್ಟೆಯನ್ನು ಎತ್ತಿಡಲು, ಮಧ್ಯಾಹ್ನದ ಮೇಲೆ ಚಾ, ಕಾಫಿ ಬಿಡಲು ಹೇಳಿದೆ. ಮನೆಯಲ್ಲಿ ಹಾಲಿಗೆ ಜಾಯಿಕಾಯಿ ತೇಯ್ದು ಕೊಡುತ್ತಿದ್ದರು. ನಿದ್ರೆ ಬಾರದಿದ್ದರೆ ಮರುದಿನ ಇನ್ನಷ್ಟು. ಚಿಟಿಕೆಯಷ್ಟು ಸಾಂಬಾರಕ್ಕೆ ಹಾಕುವುದು ಬೇರೆ, ಪ್ರಮಾಣ ಏರಿದರೆ ಜಾಯಿಕಾಯಿಯಿಂದಲೇ ಎದೆಬಡಿತ, ಭ್ರಮೆ ಉಂಟಾಗುತ್ತವೆ. ಮದ್ಯದ ಮಾತನ್ನೂ ಆಡಿದೆ: ಅದು ಮಿದುಳಿನಲ್ಲಿ ಕ್ಲೋನಜೆಪಾಮ್ ಕೆಲಸ ಮಾಡುವ ದಾರಿಯನ್ನೇ ಹಿಡಿಯುತ್ತದೆ, ಎರಡೂ ಸೇರಿದರೆ ಉಸಿರೇ ಕುಂದಬಹುದು.

ಪತ್ನಿಗೆ ಕೊಟ್ಟ ಸಲಹೆ ಒಂದೇ. ಬೆಳಗ್ಗೆ ಎದ್ದಕೂಡಲೇ “ನಿದ್ರೆ ಬಂತಾ?” ಎಂದು ಅವರು ಪ್ರೀತಿಯಿಂದಲೇ ಕೇಳುತ್ತಿದ್ದರು, ಗಂಡನಿಗೋ ಅದು ದಿನಾ ಎದುರಿಸಬೇಕಾದ ಪರೀಕ್ಷೆಯಾಗಿತ್ತು. “ಅಕ್ಕಾ, ಒಂದು ತಿಂಗಳು ಆ ಪ್ರಶ್ನೆ ಬೇಡ. ಚಾ ಆಗಿದೆ ಅಂತ ಮಾತ್ರ ಹೇಳಿ” ಎಂದೆ. “ನಡುವೆ ಗೊರಕೆ ಕೇಳಿದ್ದೇನೆ, ಆದರೂ ನಿದ್ರೆಯೇ ಇಲ್ಲ ಅನ್ನುತ್ತಾರೆ” ಎಂದೂ ಅವರು ಹೇಳಿದರು. ನರಗಳು ಕೆರಳಿರುವಾಗ ಬಂದ ಚೂರುಪಾರು ನಿದ್ರೆ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಸುಳ್ಳಲ್ಲ, ಸೋಗಲ್ಲ, ವಾದಕ್ಕಿಳಿಯಬಾರದು ಎಂದು ವಿವರಿಸಿದೆ.

ಸುಧಾರಣೆ ನೆಟ್ಟಗೆ ಬರಲಿಲ್ಲ. ಪ್ರತಿ ಇಳಿಕೆಯ ಬಳಿಕ ಒಂದು ವಾರ ನಿದ್ರೆ ಕೆಡುತ್ತಿತ್ತು, ಆಮೇಲೆ ತಕ್ಕಮಟ್ಟಿಗೆ ಕೂಡಿಬರುತ್ತಿತ್ತು. ಎರಡನೆಯ ಇಳಿಕೆಯ ಹೊತ್ತಿಗೆ ಮನೆಯಲ್ಲಿ ಸಾವಾಗಿ ಕೆಟ್ಟ ರಾತ್ರಿಗಳು ಮತ್ತೆ ಬಂದವು; ವೈದ್ಯರು ಪ್ರಮಾಣ ಏರಿಸಲೂ ಇಲ್ಲ, ಇಳಿಸಲೂ ಇಲ್ಲ, ಅಲ್ಲೇ ನಿಲ್ಲಿಸಿ ಕಾದರು. ಸದ್ಯ ಕ್ಲೋನಜೆಪಾಮ್ ನಿಂತಿದೆ, ಹೆಚ್ಚಿನ ರಾತ್ರಿಗಳಲ್ಲಿ ಐದು ಗಂಟೆಯ ನಿದ್ರೆಯಿದೆ. ಎಸ್ಸಿಟಾಲೊಪ್ರಾಮನ್ನು ಈ ಮಳೆಗಾಲ ಮುಗಿಯುವವರೆಗೆ ಇಳಿಸದೆ ಹಾಗೆಯೇ ಮುಂದುವರಿಸುವುದೆಂದು ವೈದ್ಯರೂ ಅವರೂ ಕೂಡಿ ತೀರ್ಮಾನಿಸಿದ್ದಾರೆ. ಆಮೇಲೆ ಬಿಡುವುದೇ ಬೇಡವೆಂದಾದರೂ ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ನಡುರಾತ್ರಿ ಸಂಕಟವಾದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪತ್ನಿ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಈ ಉಚಿತ ಸೇವೆ ಹಗಲಿರುಳೂ ಇದೆ, ಕನ್ನಡದಲ್ಲೂ ಮಾತನಾಡಬಹುದು.