ಹಾಗಲ ಬೀಜ ಮೊಳೆಯದ್ದಕ್ಕೆ, ಮಲ್ಲಿಗೆ ಕಡ್ಡಿ ಕೊಳೆತದ್ದಕ್ಕೆ

ಫೋಟೋ ನೋಡಿದೆ. ಎರಡು ಸಲ ಹಾಗಲ ಬೀಜ ಹಾಕಿದರೂ ಒಂದೂ ಮೇಲೆ ಬರಲಿಲ್ಲ, ಮಲ್ಲಿಗೆ ಕಡ್ಡಿ ಬುಡದಲ್ಲಿ ಕಪ್ಪಾಯಿತು, ದಿನಾ ಎರಡು ಹೊತ್ತು ನೀರು ಹಾಕಿದರೂ ಹೀಗೇಕೆ ಅಂತ ಕೇಳಿದ್ದೀರಿ. ಆ ಎರಡು ಹೊತ್ತಿನ ನೀರೇ ಕಾರಣ ಅನಿಸುತ್ತದೆ. ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿದರೆ ಬೀಜಕ್ಕಾಗಲಿ ಕಡ್ಡಿಗಾಗಲಿ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ.

ಹಾಗಲದ್ದು ಇನ್ನೊಂದು ತೊಂದರೆ, ಸಿಪ್ಪೆ ಗಟ್ಟಿ. ನೇಲ್ ಕಟ್ಟರ್‌ನಿಂದ ಬೀಜದ ಅಂಚನ್ನು ಮೆಲ್ಲಗೆ ಒತ್ತಿ. ಟಕ್ ಅಂತ ಸಣ್ಣ ಬಿರುಕು ಬಿಟ್ಟರೆ ಸಾಕು, ಒಳಗಿನ ತಿರುಳಿಗೆ ತಾಗಬಾರದು. ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿಡಿ. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಉಸಲಿಗೆ ಹೆಸರುಕಾಳು ಮೊಳಕೆ ಕಟ್ಟುತ್ತೀರಲ್ವಾ, ಅದೇ ಲೆಕ್ಕ. ಹೆಸರುಕಾಳು ಒಂದೆರಡು ದಿನಕ್ಕೆ ಬಾಲ ಬಿಡುತ್ತದೆ, ಹಾಗಲಕ್ಕೆ ನಾಲ್ಕೈದು ದಿನ ಬೇಕು. ಚಳಿಗಾಲದಲ್ಲಿ ಇನ್ನೂ ಸತಾಯಿಸುತ್ತದೆ. ಬಿಳಿ ಬೇರು ಅರ್ಧ ಇಂಚು ಆಗುವ ಮೊದಲೇ, ಅದನ್ನು ಮುಟ್ಟದೆ ಸಿಪ್ಪೆ ಹಿಡಿದು, ಬೇರು ಕೆಳಮುಖ ಮಾಡಿ, ಮುಕ್ಕಾಲು ಇಂಚು ಆಳಕ್ಕೆ ಊರಿ.

ಮಲ್ಲಿಗೆಗೆ ತೀರಾ ಎಳೆಯ ಹಸಿರು ಕುಡಿ ಬೇಡ, ಕೊಳೆಯುವುದೇ ಅದು. ಅರ್ಧ ಬಲಿತ ಕಡ್ಡಿ, ಆರು ಇಂಚು, ಮೂರ್ನಾಲ್ಕು ಗಿಣ್ಣು ಇರಲಿ. ಬೇರು ಹೆಚ್ಚಾಗಿ ಗಿಣ್ಣಿನ ಹತ್ತಿರವೇ ಬರುವುದರಿಂದ ಕೆಳಗಿನ ಗಿಣ್ಣಿಗೆ ತಾಗಿದಂತೆ ಕತ್ತರಿಸಿ. ಮೇಲೆ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮ ಸಮ ಬೆರೆಸಿ ಅದರಲ್ಲಿ ನೆಡಿ. ಗೊಬ್ಬರ ಈಗ ಬೇಡವೇ ಬೇಡ. ಒಂದು ಸಲ ನೀರು ಹಾಕಿ, ಮೇಲೆ ಪ್ಲಾಸ್ಟಿಕ್ ಕವರ್ ಕವುಚಿ, ನೆರಳಲ್ಲಿಟ್ಟು ಮರೆತುಬಿಡಿ. ಮಳೆಗಾಲದಲ್ಲಿ ಮಾಡಿದರೆ ಸುಲಭ.

ಮರೆಯುವುದೇ ಕಷ್ಟ! ನಾನು ಮೊದಲ ಸಲ ಹದಿನೈದನೇ ದಿನ ಹೊಸ ಚಿಗುರು ಕಂಡು, ಬೇರು ಬಂತು ಅಂತ ಖುಷಿಯಲ್ಲಿ ಕಿತ್ತು ನೋಡಿದೆ. ಕೆಳಗೆ ಏನೂ ಇಲ್ಲ, ಸುಮ್ನೆ ಬೋಳು ಕಡ್ಡಿ. ಕಡ್ಡಿಯಲ್ಲಿ ಕೂಡಿಟ್ಟ ಸತ್ವದಿಂದಲೇ ಚಿಗುರು ಬಂದಿರುತ್ತದೆ. ಬೇರಿಗೆ ನಾಲ್ಕರಿಂದ ಆರು ವಾರ ಬೇಕು.

ಕರಿಬೇವಿನ ಬೀಜದ ಬಗ್ಗೆ ಇನ್ನೊಬ್ಬರು ಕೇಳಿದ್ದರು. ಒಣಗಿಸಿ ಡಬ್ಬಿಯಲ್ಲಿಟ್ಟಿದ್ದರೆ ಆಸೆ ಬಿಡಿ. ಕಪ್ಪಾಗಿ ಹಣ್ಣಾದದ್ದನ್ನು ಹಿಸುಕಿ, ತೊಳೆದು, ಅದೇ ವಾರ ಬಿತ್ತಬೇಕು.

ಮಗಳಿಗೆ ರಜೆಯಲ್ಲಿ ತೋರಿಸಬೇಕು ಅಂದಿರಲ್ಲ, ಅವಳಿಗೆ ದೊಡ್ಡಪತ್ರೆ ಕಡ್ಡಿ ಕೊಡಿ. ಗಾಜಿನ ಲೋಟದಲ್ಲಿ ಒಂದು ಗಿಣ್ಣು ನೀರೊಳಗೆ ಇರಲಿ, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಲಿ. ಒಂದೆರಡು ವಾರದಲ್ಲಿ ಬೇರು ಕಣ್ಣಿಗೇ ಕಾಣುತ್ತದೆ, ಕೀಳುವ ಪ್ರಶ್ನೆಯೇ ಇಲ್ಲ.

ಹಾಂ, ಫೋಟೋದಲ್ಲಿ ಕುಂಡದ ಕೆಳಗೆ ನೀರು ನಿಂತ ತಟ್ಟೆ ಕಾಣಿಸಿತು. ಅದನ್ನು ಇವತ್ತೇ ತೆಗೆದುಬಿಡಿ.