ಮದುವೆ ಖರ್ಚಿನ ಪೈಪೋಟಿಗೆ ಯಾವ ರಾಕ್ಷಸನ ಹೆಸರಿಡಬಹುದು?

ಮದುವೆ ಖರ್ಚಿನ ಪೈಪೋಟಿ ಯಾರಿಗೂ ಬೇಡ, ಆದರೂ ಎಲ್ಲರೂ ಸೇರಿ ನಡೆಸುತ್ತಾರೆ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಕೆಲವರು ಮೊಲೋಕ್ ಅನ್ನುತ್ತಾರೆ, ನಮ್ಮ ಪುರಾಣದಲ್ಲಿ ಯಾವ ಹೆಸರು ಹೊಂದುತ್ತದೆ ಅಂತ ನೀವು ಕೇಳಿದ್ದೀರಿ. ಮೊಲೋಕ್ ಬೈಬಲಿನಲ್ಲಿ ಬರುವ, ಮಕ್ಕಳನ್ನೇ ಬಲಿ ಕೇಳುವ ದೇವರು. ನಮ್ಮೂರಲ್ಲಿ ಆ ಹೆಸರು ಹೇಳಿದರೆ ಯಾವುದೋ ಔಷಧಿ ಅಂದುಕೊಳ್ಳುತ್ತಾರೆ.

ನಾನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮುನಿರಾಬಾದಿನಲ್ಲಿ ಹುಟ್ಟುವ ಈ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲಿ ನೀರಿಗಿಂತ ಸುದ್ದಿಯೇ ಜಾಸ್ತಿ: ಇವತ್ತು ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟಿದೆ, ನಾಳೆ ಎಷ್ಟು ಬರುತ್ತದೆ. ಮೇಲ್ಭಾಗದವರು ಭತ್ತ ಹಾಕುವುದರಿಂದ ನಮಗೆ ನೀರಿಲ್ಲ. ಕೆಲವು ವರ್ಷದ ಹಿಂದೆ ಇದರ ಮೇಲೆ ಒಂದು ಬೀದಿ ನಾಟಕ ಬರೆದೆ. ಕೇಡಿನ ಹೆಸರು ಬಕಾಸುರ.

ಅದೇ ಎಡವಟ್ಟಾಯಿತು. ನಾಟಕ ಮುಗಿದ ಮೇಲೆ ಜನ ಕೇಳಿದ್ದು ಎರಡೇ ಮಾತು. ಒಂದು, ಬಕಾಸುರ ಅಂದ್ರ ಯಾವ ಊರಿನವರು? ಇನ್ನೊಂದು, ಭೀಮ ಯಾವಾಗ ಬರ್ತಾನ? ಹೆಸರಿನ ಹಿಂದೆ ಇಡೀ ಕಥೆಯೇ ಬಂದು ಕೂತಿತ್ತು. ಬಕ ಅಂದ ಮೇಲೆ ಒಬ್ಬ ಕೆಟ್ಟವನು ಬೇಕು, ಅವನನ್ನು ಹೊಡೆಯಲು ಒಬ್ಬ ಬೇಕು.

ಮೇಲ್ಭಾಗದಲ್ಲಿ ನನ್ನ ಸೋದರಮಾವನ ಹೊಲ ಇದೆ. ಅವನನ್ನೇ ಕೇಳಿದೆ. "ಸುತ್ತೂ ಭತ್ತ ಐತಿ. ನಾನೊಬ್ಬ ಜೋಳ ಹಾಕಿದ್ರ ಬಸಿನೀರಿಗೆ ಬೇರು ಕೊಳಿತಾವ" ಅಂದ. ಅವನನ್ನು ಬಕಾಸುರ ಅನ್ನಲು ಬಾಯಿ ಬರಲಿಲ್ಲ.

ಆಮೇಲೆ ಹೊಳೆದದ್ದು ರಾಮಾಯಣದ ಕಬಂಧ. ತಲೆಯಿಲ್ಲ, ಹೊಟ್ಟೆಯಲ್ಲೇ ಬಾಯಿ, ತೋಳು ಮಾತ್ರ ಯೋಜನದುದ್ದ. ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಾನೆ. ಯೋಚನೆ ಮಾಡುವವರು ಯಾರೂ ಇಲ್ಲದ, ಆದರೆ ಕೈ ಮಾತ್ರ ಎಲ್ಲ ಕಡೆ ಚಾಚಿರುವ ಕಾಲುವೆಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ. ತೋಳು ಕಡಿಸಿಕೊಂಡು, ದೇಹ ಸುಟ್ಟ ಮೇಲೆ, ಪಂಪಾ ಸರೋವರದ ಕಡೆ ಹೋಗಿ ಸುಗ್ರೀವನ ಸ್ನೇಹ ಮಾಡು ಅಂತ ರಾಮನಿಗೆ ದಾರಿ ತೋರಿಸುವವನೂ ಅವನೇ. ಆ ಪಂಪಾ ಸರೋವರ ಇಲ್ಲೇ ಆನೆಗೊಂದಿ ಹತ್ತಿರ, ಎಡದಂಡೆಯ ನಾಡಿನಲ್ಲೇ ಇದೆ ಅನ್ನುತ್ತಾರೆ. ನಾಟಕ ಬರೆಯುವವನಿಗೆ ಇನ್ನೇನು ಬೇಕು ಹೇಳಿ!

ಹಾಗಾಗಿ ಹೆಸರು ಹುಡುಕುವಾಗ ಯಾರು ಹೆಚ್ಚು ಭಯಂಕರ ಅಂತ ನೋಡಬೇಡಿ. ಅವನು ಹೇಗೆ ಬೆಳೆದ, ಹೇಗೆ ಮುಗಿದ ಅಂತ ನೋಡಿ. ಹೊಡೆದಷ್ಟೂ ಹೆಚ್ಚುವುದಾದರೆ ರಕ್ತಬೀಜ. ವರ ಕೊಟ್ಟವನನ್ನೇ ಅಟ್ಟಿಸಿಕೊಂಡು ಬರುವುದಾದರೆ ಭಸ್ಮಾಸುರ, ಆದರೆ ಪೇಪರಿನವರು ಬಳಸಿ ಬಳಸಿ ಅದು ಸವೆದು ಹೋಗಿದೆ. ಬಲಿ ಚಕ್ರವರ್ತಿ, ಮಹಿಷಾಸುರ ಬೇಡ. ಅವರನ್ನು ತಮ್ಮವರು ಅಂತ ಪೂಜಿಸುವ ಜನ ಇದ್ದಾರೆ, ಸುಮ್ನೆ ಯಾಕೆ ನೋಯಿಸಬೇಕು? ಹೆಸರು ಕೇಡಿನದೇ ಆಗಬೇಕು ಅಂತಲೂ ಇಲ್ಲ. 1651ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ ರಾಜ್ಯಕ್ಕೆ ಲೆವಿಯಾಥನ್ ಎಂಬ ಕಡಲ ಪ್ರಾಣಿಯ ಹೆಸರಿಟ್ಟದ್ದು ಬೈಯಲು ಅಲ್ಲ. ಜನರ ಜಗಳ ನಿಲ್ಲಿಸಲು ಅಂಥದ್ದೊಂದು ಬೇಕು ಅಂತ.

ಇನ್ನು ನಿಮ್ಮ ಮದುವೆ ಖರ್ಚು. ಅಲ್ಲಿ ರಾಕ್ಷಸನನ್ನು ಬಿಡಿ, ಊರಿನ ಹೆಸರಿಡಿ: ಬಕಾಸುರ ಕಾಡಿದ ಏಕಚಕ್ರನಗರ. ಬಕನ ಕಥೆಯಲ್ಲಿ ನನಗೆ ಈಗ ವಿಚಿತ್ರ ಅನ್ನಿಸುವುದು ಬಕ ಅಲ್ಲ, ಆ ಊರಿನ ಒಪ್ಪಂದ. ಇವತ್ತು ಅವರ ಮನೆ, ನಾಳೆ ಇವರ ಮನೆ. ಸರದಿ ಬಂದಾಗ ಸಾಲ ಮಾಡಿಯಾದರೂ ಬಕನಿಗೆ ಬಂಡಿ ತುಂಬ ಅನ್ನ ಕಳಿಸುವುದು. ಮದುವೆಯಲ್ಲಿ ತಿನ್ನುವ ಬಕನೂ ಇಲ್ಲ, ಬಂಡಿ ಮಾತ್ರ ತಪ್ಪದೆ ಹೋಗುತ್ತದೆ, ಅಲ್ವಾ?

ಬರುವ ಮೇ ತಿಂಗಳಲ್ಲಿ ನಮ್ಮ ಮನೆಯ ಸರದಿ. ತಂಗಿಯ ಮದುವೆ. ಊಟಕ್ಕೆ ಎಷ್ಟು ಬಗೆ ಸಿಹಿ ಅಂತ ಮನೆಯಲ್ಲಿ ಇನ್ನೂ ಜಗಳ ನಡೆದಿದೆ.